ಏರುಬೀದಿಯ ನಲ್ಲಿಗುಂಡಿ

ಮಧುಗಿರಿಯಲ್ಲಿ ನನ್ನಕ್ಕನ ಮನೆ ಏರುಬೀದಿಯ ತುದಿಯಲ್ಲಿತ್ತು. ಆ ಬೀದಿಯಲ್ಲಿ ನಲ್ಲಿಗಳು ನೆಲದ ಮೇಲಿರುವುದಿಲ್ಲ, ಬಾಗಿಲ ಮುಂದೆ ತೋಡಿದ ಗುಂಡಿಯೊಳಗಿರುತ್ತವೆ. ಊರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ನಲ್ಲಿ ಎಷ್ಟು ಕೆಳಗಿದ್ದರೆ ಒತ್ತಡ ಅಷ್ಟು ಹೆಚ್ಚು. ಕೊರಟಗೆರೆಯ ಹೈಸ್ಕೂಲಿನಲ್ಲಿ ನಾನು ಡಬ್ಬಕ್ಕೆ ತೂತು ಹೊಡೆದು ಈ ಪಾಠ ಮಾಡುತ್ತಿದ್ದೆ. ಅಕ್ಕನ ಬೀದಿಯವರು ಹಾರೆ ಹಿಡಿದು ಮಾಡುತ್ತಿದ್ದರು.

ಎದುರುಮನೆಯಾಕೆ ಅಕ್ಕನ ಗೆಳತಿ. ಯಾರ ಮನೆಯಲ್ಲಿ ಸಾರು ಕುದಿದರೂ ಒಂದು ಬಟ್ಟಲು ಬೀದಿ ದಾಟುತ್ತಿತ್ತು. ಒಂದು ಬೇಸಿಗೆಯಲ್ಲಿ ಆಕೆ ತನ್ನ ಗುಂಡಿಯನ್ನು ಇನ್ನಷ್ಟು ಆಳ ಮಾಡಿಸಿದಳು. ಇಬ್ಬರಿಗೂ ಒಂದೇ ಪೈಪಿನ ನೀರು, ಅಕ್ಕನ ನಲ್ಲಿ ತೊಟ್ಟಿಕ್ಕತೊಡಗಿತು. ಅಕ್ಕನೂ ಅಗೆಸಿದಳು. ಆಕೆ ಮತ್ತೆ ಅಗೆಸಿದಳು. ಸಾರು ನಿಂತಿತು, ಮಾತೂ ನಿಂತಿತು. ಮಂಡಿನೋವಿನ ಅಕ್ಕ ಬಿಂದಿಗೆ ಹಿಡಿದು ಅಷ್ಟು ಆಳಕ್ಕೆ ಇಳಿದು ಹತ್ತುವುದನ್ನು ನೋಡಲಾರದೆ, ಒಂದು ಸಲ ಹೋಗಿ ಮಾತಾಡು ಎಂದೆ.

"ನೀನು ಮೇಷ್ಟ್ರಲ್ವೇನ್ಲಾ, ಮೊದ್ಲು ನೀರು ಎಲ್ಲಿಗಂಟ ಬತ್ತದೆ ನೋಡ್ಬುಟ್ಟು ಹೇಳು," ಎಂದಳು.

ನೀರು ಬಿಡುವ ದಿನ ನಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೇಲೆತ್ತಿ ಹಿಡಿದೆ. ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೋ ಒತ್ತಡ ಅಷ್ಟೇ. ಬಾಗಿಲ ಮುಂದೆ ನಿಂತಿದ್ದ ಅಕ್ಕನ ಸೊಂಟದವರೆಗೆ ಏರಿತು. ಅಷ್ಟರಲ್ಲಿ ಎದುರಿನವರು ನಲ್ಲಿ ತಿರುಗಿಸಿದರು. ಪೈಪಿನ ನೀರು ನಮ್ಮ ಕಣ್ಣೆದುರೇ ಗುಂಡಿಯೊಳಕ್ಕೆ ಇಳಿದುಹೋಯಿತು.

"ನೋಡ್ದಾ? ಇನ್ನೇನ್ ಮಾತಾಡ್ಲಿ ಅವಳ್ತಾವ?"

ನಾನು ಪೈಪು ಕಳಚಿ ಸುತ್ತಿಟ್ಟೆ, ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಅದೇ ಗುಂಡಿಯಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದವಳು ಏಳಲಿಲ್ಲ. ತೀರಿಕೊಂಡ ದಿನ ಬೆಳಿಗ್ಗೆ ನೀರು ಬಂತು. ಅವಳ ಮೈ ತೊಳೆಯಲು ನೀರು ಬೇಕಿತ್ತು. ನಾನು ಗುಂಡಿಗೆ ಇಳಿದೆ. ಎದುರುಮನೆಯಾಕೆ ಅಳುತ್ತಾ ಬಂದು ಅಂಚಿನಲ್ಲಿ ನಿಂತಳು.

"ಇವತ್ತು ನಮ್ದು ನಿಲ್ಸಿವ್ನಿ ಕಣಪ್ಪ. ಎಷ್ಟ್ ಬೇಕೋ ಹಿಡ್ಕಳಿ."

ನಲ್ಲಿ ತಿರುಗಿಸಿದೆ. ನೀರು ರಭಸದಿಂದ ಬಿತ್ತು. ಬಿಂದಿಗೆ ನೋಡುನೋಡುತ್ತಲೇ ತುಂಬಿ ಚೆಲ್ಲಿತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇಬ್ಬರೂ ಸರದಿಯ ಮೇಲೆ ನಲ್ಲಿ ತಿರುಗಿಸಿದ್ದರೆ ನೀರು ಬಾಗಿಲ ಮಟ್ಟಕ್ಕೇ ಬರುತ್ತಿತ್ತು, ಈ ಗುಂಡಿಯೇ ಬೇಕಿರಲಿಲ್ಲ. ಚೆನ್ನಾಗಿ ಬೈಯಬೇಕೆಂದು ತಲೆಯೆತ್ತಿದೆ. ಆಕೆ ಆಗಲೇ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಎರಡೂ ಕೈ ಚಾಚಿದ್ದಳು.

"ಕೊಡಪ್ಪ ಇತ್ಲಾಗೆ. ಅವ್ಳಿಗೆ ನಾನ್ ತಗಂಡೋಯ್ತೀನಿ."

ಬಿಂದಿಗೆ ಎತ್ತಿ ಆಕೆಯ ಕೈಗೆ ಕೊಟ್ಟೆ.