ನಾನು ತಿದ್ದಿ ಓದಿದ ಕಾದಂಬರಿ

ನನಗೆ ಒಬ್ಬ ಸಿನಿಮಾ ಡೈರೆಕ್ಟರನ ಮೇಲೆ ಹೊಟ್ಟೆಕಿಚ್ಚು ಬಂತು ಎಂದರೆ ನೀವು ನಗುತ್ತೀರಿ, ಮೊಮ್ಮಕ್ಕಳೇ. ನಗಿರಿ. ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ನನ್ನಿಂದ ಆಗದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ತವರೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು ಸಂಶಿಯ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಆಗ ಈ ಓಣಿಯ ಹೆಂಗಸರಲ್ಲಿ ಸರಾಗವಾಗಿ ಓದಬಲ್ಲವಳು ನಾನೊಬ್ಬಳೇ. ಮೆಣಸಿನಕಾಯಿ ಒಣಗಿದ ಮೇಲೆ ತೊಟ್ಟು ಬಿಡಿಸಲು ಎಲ್ಲರೂ ಪಾಳಿಯ ಪ್ರಕಾರ ಒಬ್ಬೊಬ್ಬರ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಖಾರದ ಕೈಯಿಂದ ಪುಟ ಮುಟ್ಟಿದರೆ ಆಮೇಲೆ ಓದುವವರೆಲ್ಲರ ಕಣ್ಣೂ ಉರಿಯುತ್ತದೆ. ಆದ್ದರಿಂದ ಓದುವವಳು ಕಾಯಿ ಮುಟ್ಟಬಾರದು, ಅವಳ ಮನೆಯ ಕಾಯಿಗೆ ಮೊದಲ ಪಾಳಿ ಎಂದು ಹೆಂಗಸರೇ ನಿಯಮ ಮಾಡಿದ್ದರು. ಹಿರಿಯರ ಎದುರು ಬಾಯಿ ಬಿಡದ ನನಗೆ ಕೈಯಲ್ಲಿ ಪುಸ್ತಕವಿದ್ದರೆ ದನಿ ಬರುತ್ತಿತ್ತು. ವರ್ಷದಲ್ಲಿ ಆ ಹದಿನೈದು ದಿನ ನಾನು ಬೇರೆಯೇ ಆಗಿರುತ್ತಿದ್ದೆ.

ನಿಮ್ಮ ಅಜ್ಜ ಕುಂದಗೋಳದಿಂದ ಒಂದು ದಪ್ಪ ಹಳೆಯ ಕಾದಂಬರಿ ತಂದುಕೊಟ್ಟಿದ್ದರು. ಹೆಂಡತಿಯನ್ನು ಬಿಟ್ಟು ನಾಟಕ ಕಂಪನಿಯ ಜೊತೆ ಹೋದ ಗಂಡ, ಅವನ ದಾರಿ ಕಾಯುತ್ತ ಮನೆ ನಡೆಸುವ ಹೆಂಡತಿ, ಅವರಿಬ್ಬರ ಕತೆ. ಕೇಳುವವರಲ್ಲಿ ನಿಮ್ಮ ಸಣ್ಣಾಯಿಯೂ ಇದ್ದಳು. ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ. ಲಾರಿ ಹೊಡೆಯುತ್ತಿದ್ದ ಮೈದುನ ಅಷ್ಟರಲ್ಲಾಗಲೇ ಮನೆ ಬಿಟ್ಟು ಮಿರಜದ ಕಡೆ ಇನ್ನೊಬ್ಬಳ ಜೊತೆ ಇದ್ದ. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಅವಳೆದುರು ಆಡುತ್ತಿರಲಿಲ್ಲ.

ಕೊನೆಯ ಪುಟವನ್ನು ನಾನು ಮೊದಲೇ ಅಡಿಗೆಮನೆಯಲ್ಲಿ ಓದಿಕೊಂಡಿದ್ದೆ. ವರ್ಷಗಳಾದ ಮೇಲೆ ಗಂಡ ಬಂದು ಬಾಗಿಲು ಬಡಿಯುತ್ತಾನೆ. ಆಕೆ ತೆಗೆಯುತ್ತಾಳೆ. ಕಾಲಿಗೆ ನೀರು ಕೊಟ್ಟು, ಒಂದು ಮಾತೂ ಕೇಳದೆ ಉಣ್ಣಲು ಬಡಿಸುತ್ತಾಳೆ. ಪಡಸಾಲೆಯಲ್ಲಿ ಆ ಪುಟಕ್ಕೆ ಬಂದಾಗ ತೊಟ್ಟು ಬಿಡಿಸುತ್ತಿದ್ದ ನೆಗೆಣ್ಣಿಯ ತಗ್ಗಿಸಿದ ತಲೆ ನೋಡಿದೆ. ಅದನ್ನು ಓದಲು ನನ್ನ ಬಾಯಿ ಏಳಲಿಲ್ಲ. ಕಣ್ಣನ್ನು ಪುಟದ ಮೇಲೇ ಇಟ್ಟುಕೊಂಡು, ‘ಆಕೆ ಅಗಳಿ ತೆಗೆಯಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿ, ತನ್ನೊಬ್ಬಳಿಗೆ ಬೇಕಾದಷ್ಟೇ ರೊಟ್ಟಿ ಬಡಿದಳು’ ಎಂದು ಓದಿ ಪುಸ್ತಕ ಮುಚ್ಚಿದೆ.

“ಭೇಷ್ ಮಾಡಿದ್ಲು ನೋಡ್ರಿ,” ಎಂದಳು ಬಾಜು ಮನೆಯ ನೇಕಾರರ ಬೂಬು. “ಬಂದವನ ಕಾಲ ತೊಳಿಯೂದ್ರಾಗ ನಮ್ಮ ಬಾಳೇ ಹೋತು.”

ಎಲ್ಲರೂ ನಕ್ಕರು. ನೆಗೆಣ್ಣಿ ನಗಲಿಲ್ಲ. “ಆ ಸಾಲ ಇನ್ನೊಮ್ಮೆ ಓದ ಯಕ್ಕಾ,” ಎಂದಳು. ಪುಸ್ತಕದಲ್ಲಿ ಇಲ್ಲದ ಸಾಲನ್ನು ಮತ್ತೆ ಹಾಗೆಯೇ ಹೇಳಲು ನಾನು ಬೆವತುಹೋದೆ.

ಮೂರು ವರ್ಷದ ನಂತರ ಒಂದು ಮಧ್ಯಾಹ್ನ ಮೈದುನ ನಿಜವಾಗಿಯೂ ಬಂದ. ನಮ್ಮ ಎರಡೂ ಮನೆಗಳ ನಡುವೆ ಒಂದೇ ಗೋಡೆ. ನೆಗೆಣ್ಣಿ ಒಳಗಿನಿಂದಲೇ ಹೇಳಿದ್ದು ನನಗೆ ಕೇಳಿಸಿತು: “ಪುಸ್ತಕದಾಗಿನಾಕಿನ ತಗದಿಲ್ಲ. ನಾ ಯಾಕ ತಗೀಲಿ?” ಅವನಿಗೆ ಯಾವ ಪುಸ್ತಕವೆಂದೂ ತಿಳಿದಿರಲಿಕ್ಕಿಲ್ಲ. ಸಂಜೆಯ ಬಸ್ಸಿನವರೆಗೆ ಕಟ್ಟೆಯ ಮೇಲೆ ಕುಳಿತಿದ್ದು ಹೋದವನು ಮತ್ತೆ ಬರಲಿಲ್ಲ. ನಾನು ಇದನ್ನು ನಿಮ್ಮ ಅಜ್ಜನಿಗೂ ಹೇಳಲಿಲ್ಲ.

ಇನ್ನು ಸಿನಿಮಾದ ಮಾತು. ಹೋದ ಸೂಟಿಯಲ್ಲಿ ನೀವೆಲ್ಲ ಬಂದಾಗ, ನಿಮ್ಮಲ್ಲಿ ದೊಡ್ಡವಳು ಟಿವಿಯಲ್ಲಿ ಹೊಸ ಸಿನಿಮಾ ಹಚ್ಚಿದಳಲ್ಲ, ಅದು ಆ ಕಾದಂಬರಿಯದೇ. ಕಾಲೇಜಿನಲ್ಲಿ ಅವಳು ಪುಸ್ತಕವನ್ನೂ ಓದಿದ್ದಳು. ಸಣ್ಣಾಯಿಯನ್ನೂ ಕರೆಸಿದೆವು.

ಶುರುವಿನಿಂದಲೇ ನನಗೆ ತಡೆಯಲಾಗಲಿಲ್ಲ. ಆ ನಾಯಕಿಗೆ ನಾನು ವರ್ಷಗಟ್ಟಲೆ ಒಂದು ಮುಖ ಕೊಟ್ಟಿದ್ದೆ. ಹಣೆ ಸ್ವಲ್ಪ ದೊಡ್ಡದು, ಕೈ ಒರಟು. ಇವರು ತಂದ ಹುಡುಗಿಗೆ ಒಲೆಯ ಮುಂದೆಯೂ ಸೀರೆಯ ಇಸ್ತ್ರಿ ಕೆಟ್ಟಿರಲಿಲ್ಲ. ನಾನು ಮೂರು ಮಧ್ಯಾಹ್ನ ಓದಿದ ಕಾಯುವಿಕೆಯನ್ನು ಅವಳು ಒಂದೇ ಸಲ ಕಣ್ಣೆತ್ತಿ ಮುಗಿಸಿದಳು. ಸಣ್ಣಾಯಿ ಬಾಯಿ ತೆರೆದು ನೋಡುತ್ತಿದ್ದಳು. ನಾನು ಓದುವಾಗ ಅವಳ ಕೈ ಎಂದೂ ನಿಂತಿರಲಿಲ್ಲ.

ಕೊನೆಗೆ ಗಂಡ ಬಂದು ಬಾಗಿಲು ಬಡಿದ. ಆ ಹುಡುಗಿ ತೆಗೆಯಲಿಲ್ಲ. ಒಳಗೆ ಹೋಗಿ ಒಂದೇ ಒಂದು ಕಪ್ ಚಹಾ ಮಾಡಿಕೊಂಡಳು.

“ಅಗದಿ ಯಕ್ಕ ಓದಿದಂಗ ತಗದಾರ,” ಎಂದಳು ಸಣ್ಣಾಯಿ.

“ಇಲ್ಲ ಸಣ್ಣಾಯಿ,” ಎಂದಳು ದೊಡ್ಡವಳು. “ಪುಸ್ತಕದಾಗ ಆಕಿ ಬಾಗಲಾ ತಗದು ಉಣ್ಣಾಕ ನೀಡ್ತಾಳ. ಇದು ಡೈರೆಕ್ಟರ ಬದಲ ಮಾಡಿದ್ದು. ಇಂಥಾ ಧೈರ್ಯ ಯಾರೂ ಮಾಡಿದ್ದಿಲ್ಲ ಅಂತ ಎಲ್ಲಾರೂ ಹೊಗಳಿ ಬರದಾರ.”

“ನಾ ಮಾಡಿದ್ದೆ,” ಎಂದೆ. “ಅವರಕಿಂತ ಮೊದಲ.”

ಇಷ್ಟು ವರ್ಷ ಮುಚ್ಚಿಟ್ಟಿದ್ದು ಕಿಚ್ಚಿನ ಭರದಲ್ಲಿ ಹೊರಗೆ ಬಿತ್ತು. ಹೊಗಳಿಕೆಯಲ್ಲಿ ನನ್ನ ಪಾಲು ಬೇಕಿತ್ತು, ಅಷ್ಟೇ. ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎನ್ನುವುದೇ ಮರೆತುಹೋಗಿತ್ತು.

ಸಣ್ಣಾಯಿ ನನ್ನ ಕಡೆ ತಿರುಗಿದಳು. “ಅಂದ್ರ ಬರದಾಂವ ತಗೀತಾಳ ಅಂದಿದ್ದ?”

“ಹೂಂ.”

“ಬ್ಯಾಡ ಅಂದಾಕಿ ನೀನು.”

“ಹೂಂ.”

ಅವಳು ಸೆರಗಿನ ಅಂಚು ಮಡಚಿದಳು. “ಆವತ್ತ ಎರಡು ಸಲ ಅಗಳಿಗೆ ಕೈ ಹಾಕಿದ್ದೆ ಯಕ್ಕಾ. ಅಷ್ಟು ಶ್ಯಾಣ್ಯಾರು ವಿಚಾರ ಮಾಡಿ ಬರದದ್ದ ಹಿಂಗೈತಿ ಅಂತ ಕೈ ಹಿಂದ ತಗೊಂಡೆ.”

ನಾನು ನಿಮಗೆ ಸುಳ್ಳು ಬರೆಯುವುದಿಲ್ಲ. ಆ ಮಾತು ಕೇಳಿದಾಗ ಮೊದಲು ನನಗೆ ಆದದ್ದು ಸಂತೋಷ. ಆ ನಟಿಯನ್ನು ನೋಡಿ ಯಾರೂ ಅಗಳಿಯಿಂದ ಕೈ ತೆಗೆದಿರಲಿಕ್ಕಿಲ್ಲ, ನನ್ನ ಒಂದು ಸಾಲಿಗೆ ಒಬ್ಬಳು ತೆಗೆದಿದ್ದಳು. ನಾಚಿಕೆ ಬಂದದ್ದು ಆಮೇಲೆ.

“ತಪ್ಪಾತೇನ ತಂಗೀ?” ಎಂದೆ.

“ತಪ್ಪೋ ಒಪ್ಪೋ ನನಗ ಹ್ಯಾಂಗ ಗೊತ್ತಾಗಬೇಕು? ತಗದಿದ್ರ ಗೊತ್ತಾಗತಿತ್ತು.”

ಮರುದಿನ ಅವಳು ಬಂದಳು. ನನ್ನ ಹತ್ತಿರ ಕೂಡದೆ ದೊಡ್ಡವಳ ಪಕ್ಕ ಕುಳಿತು, “ಆ ಪುಸ್ತಕಾ ನೀ ಓದವಾ, ಮೊದಲಿಂದ. ಬರದದ್ದ ಬರದಂಗ ಓದು,” ಎಂದಳು. ದೊಡ್ಡವಳು ಟಿವಿಯಲ್ಲಿ ವಾರ್ತೆ ಓದುವವರಂತೆ ಓಡಿಸಿಕೊಂಡು ಓದುತ್ತಿದ್ದಳು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು, ಒಂದೂ ಗೊತ್ತಿರಲಿಲ್ಲ. ನಡುನಡುವೆ ಸಣ್ಣಾಯಿ ಕೈ ಎತ್ತಿ ನನ್ನನ್ನು ಕೇಳುತ್ತಿದ್ದಳು: “ಇದನ್ನರ ಖರೇ ಓದಿದ್ದೇನು?” ಬಹಳ ಕಡೆ ಹೌದೆಂದೆ. ಎರಡು ಕಡೆ ಇಲ್ಲವೆನ್ನಬೇಕಾಯಿತು. ಹೆಂಡತಿ ಮಾಂಗಲ್ಯ ಒತ್ತೆ ಇಡುವ ಕಡೆ ಸಣ್ಣಾಯಿ ಕಣ್ಣೊರೆಸಿಕೊಂಡಳು. ಅಲ್ಲಿ ನಾನು ಒಂದಕ್ಷರವನ್ನೂ ತಿದ್ದಿರಲಿಲ್ಲ. ಆದರೂ ನಾನು ಓದುವಾಗ ಅವಳು ಅತ್ತಿರಲಿಲ್ಲ. ನಾನು ಎದ್ದು ಒಳಗೆ ಹೋದೆ.

ಪುಸ್ತಕ ಮುಗಿಯುವ ಮೊದಲೇ ನಿಮ್ಮ ಸೂಟಿ ಮುಗಿಯಿತು. ಉಳಿದದ್ದನ್ನು ನಾನು ಓದಲೇ ಎಂದು ಎರಡು ಸಲ ಕೇಳಿದೆ. “ಆಕಿನ ಬರ್ಲಿ” ಎನ್ನುತ್ತಾಳೆ ಸಣ್ಣಾಯಿ. ಸಿಟ್ಟಿನಿಂದಲ್ಲ, ನನ್ನೊಡನೆ ಚಹಾ ಕುಡಿಯುತ್ತಲೇ ಹೇಳುತ್ತಾಳೆ. ಆದ್ದರಿಂದ ದೊಡ್ಡವಳೇ, ತಡಮಾಡದೆ ಬಂದು ಆ ಪುಟಗಳನ್ನು ಇದ್ದದ್ದು ಇದ್ದಂತೆ ಅವಳಿಗೆ ಓದಿ ಹೇಳು. ಡೈರೆಕ್ಟರನ ಮೇಲಿನ ಕಿಚ್ಚು ಎಂದೋ ಆರಿತು. ಈಗ ಇರುವುದು ನಿನ್ನ ಮೇಲೆ.