ಬಸ್ ಸ್ಟಾಪಿಗೆ ನೆರಳು ಕೇಳಿದ ಹುಡುಗಿ

ತಾಳಿ, ಪುಟ ತಿರುಗಿಸಬೇಡಿ, ಇದೊಂದು ಕೇಳಿಬಿಡಿ! ಲಾಸ್ ಏಂಜಲಿಸ್ ಹತ್ತಿರದ ಪಾರ್ಕಿನಲ್ಲಿ ನಮ್ಮ ಕನ್ನಡದವರ ಪಿಕ್ನಿಕ್. ಚಿತ್ರಾನ್ನದ ಪ್ಲೇಟ್ ಹಿಡಿದು ನಿಂತಿದ್ದ ನನ್ನ ಮತ್ತು ಗೆಳೆಯನ ಬಳಿಗೆ, ಇಲ್ಲೇ ಹುಟ್ಟಿ ಬೆಳೆದ ಹೈಸ್ಕೂಲ್ ಹುಡುಗಿಯೊಬ್ಬಳು ಬಂದಳು. ಶಾಲೆಯ ಮುಂದಿನ ಬಸ್ ಸ್ಟಾಪಿನಲ್ಲಿ ಮಕ್ಕಳು ಉರಿಬಿಸಿಲಲ್ಲಿ ನಿಲ್ಲುತ್ತಾರೆ, ಅಲ್ಲಿ ಮರ ನೆಡಿಸಬೇಕು, ಅದನ್ನು ಕೇಳಲು ಮಂಗಳವಾರ ಸಿಟಿ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ, ಸಭೆಗೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಕರೆದಳು. ಕೌನ್ಸಿಲ್ ಆಗಲೇ ಎರಡು ಸಲ ಆಗುವುದಿಲ್ಲ ಎಂದಿತ್ತಂತೆ.

ಯೂಟ್ಯೂಬ್ ನೋಡಿ ಹವಾಮಾನ ಬದಲಾವಣೆಯ ಬಗ್ಗೆ ಕಲಿತು, ಸಿಕ್ಕವರಿಗೆಲ್ಲ ಪಾಠ ಹೇಳುವವನು ನಾನು. ಅವಳಿಗೆ ಕನ್ನಡ ತಿಳಿಯುವುದಿಲ್ಲ ಎಂದುಕೊಂಡು ಗೆಳೆಯನಿಗೆ ಹೇಳಿದೆ:

"ಎರಡು ಸಲ ಆಗಲ್ಲ ಅನ್ನಿಸ್ಕೊಂಡು ಬಂದ್ರೂ ಬುದ್ಧಿ ಬಂದಿಲ್ಲ ನೋಡೋ ಇವಳಿಗೆ."

ಅವನು ಕಿಸಕ್ಕನೆ ನಕ್ಕ. ಹುಡುಗಿ ನಗಲಿಲ್ಲ. ತಡವರಿಸುತ್ತ ಕನ್ನಡದಲ್ಲೇ ಹೇಳಿದಳು:

"ಬುದ್ಧಿ ಬಂದಿದೆ ಅಂಕಲ್. ಜನ ಬಂದಿಲ್ಲ."

ಪ್ಲೇಟ್ ಕೆಳಗಿಟ್ಟು, ಸಭೆ ಎಷ್ಟು ಗಂಟೆಗೆ ಎಂದು ಕೇಳಿದೆ.

ಮಂಗಳವಾರ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಕೌನ್ಸಿಲ್ ಮತ್ತೆ ಆಗುವುದಿಲ್ಲ ಎಂದಿತು. ಹೊರಗೆ ಬಂದ ಹುಡುಗಿ ಕಣ್ಣೊರೆಸಿಕೊಂಡು, ಬಾಗಿಲ ಬಳಿ ನಿಂತಿದ್ದ ನಮ್ಮನ್ನೆಲ್ಲ ನೋಡಿ ಮುಂದಿನ ಸಭೆಗೆ ಯಾರ್ಯಾರು ಬರುತ್ತೀರಿ ಎಂದು ಕೇಳಿದಳು. ನಾನು ಕೈ ಎತ್ತಿದೆ. ಮುಖ ಎತ್ತಲು ಮಾತ್ರ ಆಗಲಿಲ್ಲ.

ನಾಚಿಕೆ ಇನ್ನೂ ಹೋಗಿಲ್ಲ. ಆದರೆ ಸೋತು ಹೊರಬಂದ ಬಾಗಿಲಲ್ಲೇ ನಿಂತು ಮುಂದಿನ ಸಭೆಗೆ ಕರೆಯುವ ಮಕ್ಕಳಿದ್ದಾರಲ್ಲ ಎಂಬ ಧೈರ್ಯ ಬಂದಿದೆ. ಚಿಕ್ಕವರ ಒಂದು ಮಾತು ನಿಮ್ಮನ್ನೂ ಹೀಗೆ ತಲೆತಗ್ಗಿಸುವಂತೆ ಮಾಡಿದ್ದರೆ ದಯವಿಟ್ಟು ಬರೆಯಿರಿ, ನಾನೊಬ್ಬನೇ ಅಲ್ಲ ಎಂದಾದರೂ ಸಮಾಧಾನ ಆಗಲಿ.