ಉಪ್ಪುನೀರಿನ ಇಫ್ತಾರ್

ಹಮೀದುನ್ನೀಸಾ ದಾದಿಯ ತರಬೇತಿ ಮುಗಿಸಿ ಶಿರಾಕ್ಕೆ ಮರಳಿದ ದಿನವೇ ಅಣ್ಣ ಲಿಯಾಕತ್ ಅಲಿ ಷರತ್ತು ಹಾಕಿದ್ದನು. ಅವನದು ಪೇಟೆಬೀದಿಯಲ್ಲಿ ತಗಡಿನ ಪೆಟ್ಟಿಗೆ ಮಾಡುವ ಅಂಗಡಿ. ಮಾತೂ ತಗಡು ಬಡಿದ ಹಾಗೆಯೇ.

“ಊರಲ್ಲಿ ಕೆಲಸ ಸಿಕ್ಕರೆ ಮಾಡು, ಬೇಡ ಅನ್ನಲ್ಲ. ಬೇರೆ ಊರು ಅಂತ ಹೇಳಿದ ದಿನ ಆ ಬಿಳಿ ಸೀರೆ ಮಡಿಚಿ ಒಳಗಿಡು.”

ತಂದೆಯಿಲ್ಲದ ಮನೆ. ಆಕೆ ತಲೆಯಾಡಿಸಿದಳು. ಅದೃಷ್ಟವೆಂಬಂತೆ ಶಿರಾದಲ್ಲಿಯೇ ಕೆಲಸ ಸಿಕ್ಕಿತು.

ಬೆಂಗಳೂರಿನ ಪ್ರಯೋಗಾಲಯವೊಂದು ಚಳಿಗಾಲದ ಶೀತಜ್ವರದ ಜಾಡು ಹಿಡಿಯಲು ಹೊರಟಿದ್ದ ಕಾಲವದು. ಜ್ವರ ಯಾವ ಊರಿನಲ್ಲಿ ಮೊದಲು ಏಳುತ್ತದೆ, ಅದನ್ನು ತರುವ ವೈರಸ್ ಯಾವ ಬಗೆಯದು ಎಂದು ಬೇಗ ತಿಳಿದರೆ ಉಳಿದ ಊರುಗಳನ್ನು ಎಚ್ಚರಿಸಬಹುದು ಎಂಬುದು ಅಲ್ಲಿಯವರ ಯೋಚನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರುಗಳಿಗೂ ಒಬ್ಬೊಬ್ಬ ದಾದಿಯನ್ನು ಗೊತ್ತು ಮಾಡಿದ್ದರು. ಜ್ವರ ಹತ್ತಿದ ಮೊದಲ ಎರಡು ಮೂರು ದಿನಗಳಲ್ಲಿಯೇ ರೋಗಿಯು ಉಪ್ಪುನೀರಿನಿಂದ ಗಂಟಲನ್ನು ಚೆನ್ನಾಗಿ ಮುಕ್ಕಳಿಸಿ ಸೀಸೆಯೊಳಕ್ಕೆ ಉಗುಳಬೇಕು. ದಾದಿಯು ಆ ಸೀಸೆಯನ್ನು ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು ಬೆಂಗಳೂರು ಬಸ್ಸಿಗೆ ಕೊಡಬೇಕು. ಐಸು ಮರದ ಹೊಟ್ಟಿನಲ್ಲಿ ಹುದುಗಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ತುಮಕೂರಿನಿಂದ ಬರುತ್ತಿತ್ತು. ಕೇಳುವುದಕ್ಕೆ ಇಷ್ಟೇ ಕೆಲಸ.

ಆದರೆ ೧೯೬೬ರ ರಂಜಾನ್ ಡಿಸೆಂಬರಿನ ಚಳಿಯಲ್ಲಿ ಬಂದಿತು. ಆ ವರ್ಷದ ಜ್ವರವೂ ಹಮೀದಾಳ ಮೊಹಲ್ಲಾದಲ್ಲಿಯೇ ಮೊದಲು ಕಾಣಿಸಿಕೊಂಡಿತು. ಮನೆಮನೆಯಲ್ಲಿಯೂ ಕೆಮ್ಮು, ಮೈ ಬಿಸಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಉಂಟು. ಆದರೆ ಶೀತಕ್ಕೆಲ್ಲ ರೋಜಾ ಬಿಡುವ ಹೆಂಗಸರು ಆ ಬೀದಿಯಲ್ಲಿ ಇರಲಿಲ್ಲ. ಹಗಲು ಹೊತ್ತು ಸೀಸೆ ಹಿಡಿದು ಹೋದರೆ, “ಒಂದು ಹನಿ ಗಂಟಲಿಗೆ ಜಾರಿದರೂ ರೋಜಾ ಹೋಯಿತಲ್ಲೇ, ನೀನು ಕಟ್ಟಿಕೊಡ್ತೀಯಾ?” ಎಂದು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದರು. ಸರಿ, ಸಂಜೆ ಇಫ್ತಾರ್ ಮುಗಿಯಲೆಂದು ಕಾದು, ಉಂಡವರಿಂದ ಮುಕ್ಕಳಿಸಿದ ನೀರನ್ನು ಪಡೆದು ಕಳುಹಿಸಿದಳು.

ಪ್ರಯೋಗಾಲಯದ ಡಾಕ್ಟರ್ ವೀರಭದ್ರಯ್ಯನವರು ಜೀಪಿನಲ್ಲಿ ತಾವೇ ಬಂದರು. ಮೃದು ಮಾತಿನ ಮನುಷ್ಯ. ಬೈಯಲು ಬಾರದೆ ನಗುತ್ತಿದ್ದರು.

“ಹಮೀದಾ, ನಿಮ್ಮ ಸೀಸೆಗಳಲ್ಲಿ ವೈರಸ್ ಹುಡುಕೋಣ ಅಂದರೆ ಬರೀ ಇಫ್ತಾರ್ ಸಿಗ್ತಿದೆ. ಒಂದರಲ್ಲಿ ಖರ್ಜೂರ, ಒಂದರಲ್ಲಿ ಈರುಳ್ಳಿ ಪಕೋಡ. ಎಲ್ಲಾ ಹುಳಿತುಹೋಗಿತ್ತು, ಚೆಲ್ಲಿಬಿಟ್ಟೆವು.”

ಆಕೆ ನೆಲ ನೋಡಿದಳು. ಡಾಕ್ಟರ ನಗು ನಿಂತಿತು. “ಮೇಲಿನವರು ಕೇಳ್ತಿದ್ದಾರೆ. ಈ ಹಬ್ಬದೊಳಗೆ ಒಂದಾದರೂ ಶುದ್ಧವಾದ ಸೀಸೆ ಬರದಿದ್ದರೆ ಶಿರಾ ಕೇಂದ್ರವನ್ನು ಮುಚ್ಚಿ ನಿಮ್ಮನ್ನು ಮಧುಗಿರಿಗೆ ಹಾಕಬೇಕಾಗುತ್ತೆ.”

ಡ್ರೈವರ್ ಕದಿರಯ್ಯ ಸಮಾಧಾನ ಹೇಳಿದ. “ಮಧುಗಿರಿ ಏನ್ ಮಾ ದೂರ ಕಣಮ್ಮಾ? ಬೆಳಿಗ್ಗೆ ಬಸ್ ಹತ್ತುದ್ರೆ ಸಂಜೆಗೆ ಮನೆಗೆ ಬಂದ್ಬುಡಬೋದು.”

ದೂರ ಎಷ್ಟೆಂಬುದು ಲಿಯಾಕತ್ ಅಲಿಯನ್ನು ಬಲ್ಲವರಿಗೆ ಗೊತ್ತು.

ಆ ಸಂಜೆ ಹಮೀದಾ ನೆರೆಮನೆಯ ಅಮೀನಾಬಿಯನ್ನು ನೋಡಲು ಹೋದಳು. ಮುದುಕಿಗೆ ಹಿಂದಿನ ದಿನದಿಂದ ಜ್ವರ. ಕಂಬಳಿ ಹೊದ್ದು, ಕಣ್ಣು ಕೆಂಪಾಗಿದ್ದರೂ ರೋಜಾ ಬಿಟ್ಟಿರಲಿಲ್ಲ. ಸೊಸೆ ಕುಲ್ಸುಮ್ ಖರ್ಜೂರದ ತಟ್ಟೆಯನ್ನೂ ಒಂದು ಪುಟ್ಟ ಬಟ್ಟಲನ್ನೂ ಎದುರಿಗಿಟ್ಟಳು. ಮಸೀದಿಯಲ್ಲಿ ಬಾಂಗ್ ಎದ್ದಿತು. ಅಮೀನಾಬಿ ಬಟ್ಟಲಿಗೆ ಕೈ ಹಾಕಿದಳು.

ಬಟ್ಟಲಿನಲ್ಲಿ ಇದ್ದುದು ಉಪ್ಪು. ಮೊದಲು ಒಂದು ಚಿಟಿಕೆ ಉಪ್ಪನ್ನು ನಾಲಿಗೆಗೆ ಹಚ್ಚಿ ರೋಜಾ ಬಿಡುವುದು, ಆಮೇಲೆ ಖರ್ಜೂರ: ಆ ಬೀದಿಯ ಎಷ್ಟೋ ಮನೆಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಹಮೀದಾಳ ಮನೆಯಲ್ಲಿಯೂ ಅದೇ. ಹುಟ್ಟಿದಂದಿನಿಂದ ನೋಡಿದ್ದುದನ್ನು ಆಕೆ ಆ ಗಳಿಗೆಯಲ್ಲಿ ಮೊದಲ ಸಲ ಕಂಡವಳ ಹಾಗೆ ಮುದುಕಿಯ ಕೈ ಹಿಡಿದಳು.

“ಖಾಲಾ, ನಿಲ್ಲಿ!”

“ಯಾ ಅಲ್ಲಾ! ಬಾಂಗ್ ಆಗ್ತಿದೆ, ಹಸಿದ ಮುದುಕಿ ಕೈ ಹಿಡೀತೀಯಲ್ಲೇ! ಹುಚ್ಚು ಹಿಡೀತಾ?”

“ಉಪ್ಪು ಹಚ್ಚಿಕೊಳ್ಳಿ ಖಾಲಾ, ರೋಜಾ ಬಿಡಿ. ಆದರೆ ಖರ್ಜೂರಕ್ಕೆ ಮುಂಚೆ ನನ್ನ ನೀರು. ಇದೂ ಉಪ್ಪೇ, ಕಾಯಿಸಿ ಆರಿಸಿದ ನೀರು. ರೋಜಾ ಬಿಟ್ಟಾಯಿತಲ್ಲ, ಒಂದು ಹನಿ ಜಾರಿದರೂ ಏನಂತೆ?”

ಅಮೀನಾಬಿ ಸೀಸೆಯನ್ನು ನೋಡಿದಳು, ಹುಡುಗಿಯ ಮುಖವನ್ನು ನೋಡಿದಳು.

“ಇದು ಕೊಡದಿದ್ದರೆ?”

“ನನ್ನನ್ನು ಮಧುಗಿರಿಗೆ ಹಾಕ್ತಾರೆ. ಭಾಯ್‌ಜಾನ್ ಕೆಲಸ ಬಿಡಿಸ್ತಾರೆ.”

“ಅವನ ತಗಡಿಗೆ ಬೆಂಕಿ ಬೀಳ! ತಾ ಇಲ್ಲಿ.”

ಮುದುಕಿ ಉಪ್ಪು ಹಚ್ಚಿಕೊಂಡು ದುವಾ ಹೇಳಿದಳು. ನೀರನ್ನು ಬಾಯಿಗೆ ಸುರಿದುಕೊಂಡು, ತಲೆ ಹಿಂದಕ್ಕೆ ಹಾಕಿ, ಜ್ವರದ ಗಂಟಲಿನ ತಳದಿಂದ ಗಳಗಳನೆ ಮುಕ್ಕಳಿಸಿದ ಸದ್ದಿಗೆ ಹಿತ್ತಲಿನ ಕೋಳಿಗಳು ಚದರಿದವು. ಕುಲ್ಸುಮ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಹಮೀದಾ ಮಾತ್ರ ಸೀಸೆಯನ್ನು ಫ್ಲಾಸ್ಕಿಗೆ ಹಾಕಿ, ಬುರ್ಖಾ ಎಳೆದುಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ಆಕೆಯೂ ಇನ್ನೂ ಏನನ್ನೂ ಬಾಯಿಗೆ ಹಾಕಿರಲಿಲ್ಲ.

ಒಂದು ಸೀಸೆ ಸಾಲದೆಂದು ಆಕೆಗೆ ಗೊತ್ತಿತ್ತು. ಆದರೆ ಬಾಂಗ್ ಎಲ್ಲ ಮನೆಗೂ ಒಂದೇ ಹೊತ್ತಿಗೆ. ಒಬ್ಬಳು ಎಷ್ಟು ಮನೆಗೆ ಹೋದಾಳು? ಮಸೀದಿಯ ಹಜರತರಲ್ಲಿಗೆ ಕುಲ್ಸುಮಳ ಗಂಡನನ್ನು ಕಳುಹಿಸಿ ಕೇಳಿಸಿದಳು. “ರೋಜಾ ಬಿಟ್ಟ ಮೇಲೆ ಅಭ್ಯಂತರವೇನು? ಜನರ ಆರೋಗ್ಯದ ಕೆಲಸ, ಮಾಡಲಿ” ಎಂದು ಉತ್ತರ ಬಂದಿತು. ಅಲ್ಲಿಂದ ಮುಂದೆ ಮಧ್ಯಾಹ್ನವೇ ಜ್ವರದ ಮನೆಗಳಿಗೆ ಸೀಸೆಗಳನ್ನು ಕೊಟ್ಟು, ಹೇಗೆ ಮುಕ್ಕಳಿಸಬೇಕೆಂದು ಕುಲ್ಸುಮಳಿಂದ ತೋರಿಸಿದಳು. ಬಾಂಗ್ ಮುಗಿಯುತ್ತಿದ್ದಂತೆ ಬೀದಿಯ ಉದ್ದಕ್ಕೂ ಗಳಗಳ ಸದ್ದು. ಹೋಟೆಲಿನ ಗಂಡಸರು, “ಏನಪ್ಪಾ ಇದು, ಮೊಹಲ್ಲಾಕ್ಕೆ ಮೊಹಲ್ಲಾನೇ ಕುದೀತಿದೆ!” ಎಂದು ತಮಾಷೆ ಮಾಡಿದರು. ಲಿಯಾಕತ್ ಅಲಿ ಮುಖ ಗಂಟಿಕ್ಕಿಕೊಂಡು ತಗಡು ಬಡಿದನು.

ಹಬ್ಬದ ಹಿಂದಿನ ದಿನ ಕದಿರಯ್ಯ ಹಾರನ್ ಒತ್ತುತ್ತಲೇ ಜೀಪನ್ನು ಮೊಹಲ್ಲಾದೊಳಕ್ಕೆ ನುಗ್ಗಿಸಿದ. ಡಾಕ್ಟರು ಇಳಿಯುವ ಮೊದಲೇ ಕೂಗಿದರು.

“ಬೆಳೀತು ಹಮೀದಾ! ನೀವು ಕಳಿಸಿದ ನೀರನ್ನು ಕೋಳಿಮೊಟ್ಟೆಗೆ ಚುಚ್ಚಿದ್ದೆವು, ಅದರಲ್ಲಿ ವೈರಸ್ ಬೆಳೀತು! ಈ ಚಳಿಗಾಲದಲ್ಲಿ ನಮಗೆ ಸಿಕ್ಕ ಮೊದಲನೆಯದು. ಬೇರೆ ಮೂರು ಊರಿಗೂ ಎಚ್ಚರಿಕೆ ಹೋಯಿತು.”

ಬಾಗಿಲು ಬಾಗಿಲಿನ ಪರದೆಗಳು ಅಲುಗಿದವು. ಒಂದರ ಹಿಂದಿನಿಂದ ಅಮೀನಾಬಿಯ ದನಿ ಬಂದಿತು.

“ಯಾರ ಗಂಟಲಿನದು ಅಂತ ಕೇಳೇ!”

“ಅದನ್ನು ಹೇಳುವ ಹಾಗಿಲ್ಲ ತಾಯಿ,” ಎಂದರು ಡಾಕ್ಟರು.

“ಹೇಳೋದೇನೂ ಬೇಡ ಬಿಡಿ, ನನಗೆ ಗೊತ್ತು.”

“ನಿಮ್ಮದೇ ಅಂತ ಏನು ಗ್ಯಾರಂಟಿ? ನಮ್ಮತ್ತೆ ಮೂರು ಸೀಸೆ ತುಂಬಿಸಿದ್ದಾರೆ!” ಎಂದಳು ಎದುರುಮನೆಯವಳು. ಬೀದಿಯಲ್ಲಿ ಜಗಳವೇ ಹತ್ತಿತು.

ಅಂಗಡಿಯಿಂದ ಬಂದ ಲಿಯಾಕತ್ ಅಲಿ ಜೀಪಿನ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದನು. “ಸಾಹೇಬ್, ಇವಳನ್ನು ಮಧುಗಿರಿಗೆ...?”

“ಇವರು ಯಾಕೆ ಹೋಗಬೇಕು? ಶಿರಾ ಕೇಂದ್ರ ಎಲ್ಲಿಗೂ ಹೋಗಲ್ಲ. ಮಧುಗಿರಿ ದಾದಿ ಜಗದಾಂಬನವರನ್ನೇ ಇಲ್ಲಿಗೆ ಕಳಿಸ್ತೀನಿ, ಜನರನ್ನು ಹೇಗೆ ಒಪ್ಪಿಸೋದು ಅಂತ ನಿಮ್ಮ ತಂಗಿ ಹತ್ತಿರ ಕಲೀಲಿ.”

ಲಿಯಾಕತ್ ಅಲಿ ಗಂಟಲು ಸರಿಪಡಿಸಿಕೊಂಡನು. ಸುತ್ತ ನೆರೆದಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು.

“ಬರಲಿ ಸಾಹೇಬ್, ನಮ್ಮ ಮನೇಲೇ ಇಳ್ಕೊಳ್ಳಲಿ,” ಎಂದನು. ಆಮೇಲೆ ಮನೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದನು. “ಅಮ್ಮೀ, ಡಾಕ್ಟರ್ ಸಾಹೇಬರಿಗೆ ಚಹಾ ಇಡಿ! ನಮ್ಮ ಹಮೀದಾಳ ಆಫೀಸಿನವರು ಬಂದಿದ್ದಾರೆ!”